ಪ್ರಭಾರಿಯ ಬೆನ್ನಿಗೆ ಜೀನು

ನೀರು ಸರಬರಾಜು ಕಚೇರಿಯ ಸಭಾಂಗಣದ ಗೋಡೆಯ ಮೇಲೆ ಹನ್ನೊಂದು ಜನ ಹಳೆಯ ಸಾಹೇಬರ ಫೋಟೊಗಳಿದ್ದವು. ಹತ್ತು ಜನ ಕುರ್ಚಿಯ ಮೇಲೆ ಕೂತಿದ್ದರು, ಒಬ್ಬರು ಮಾತ್ರ ಕುದುರೆಯ ಮೇಲೆ. ಆ ಮಹಾನುಭಾವರು ಊರಿಗೆ ನೀರು ಕೊಟ್ಟರೋ ಬಿಟ್ಟರೋ ಯಾರಿಗೂ ನೆನಪಿಲ್ಲ. ಆದರೆ ಸಭಾಂಗಣಕ್ಕೆ ಕಾಲಿಟ್ಟವರೆಲ್ಲ ಹತ್ತು ಕುರ್ಚಿಗಳನ್ನೂ ದಾಟಿ ನೇರವಾಗಿ ಆ ಕುದುರೆಯ ಮುಂದೆ ನಿಂತು, "ಯಾರ್ರೀ ಇವರು? ಏನು ಠೀವಿ!" ಎನ್ನುತ್ತಿದ್ದರು. ಈಗಿನ ಸಾಹೇಬರಿಗೆ ಈ ಮಾತು ಕೇಳಿ ಕೇಳಿ ಹೊಟ್ಟೆಯಲ್ಲಿ ಉರಿ. ತಾವು ನಿವೃತ್ತರಾದ ಮೇಲೆ ಇದೇ ಗೋಡೆಯಲ್ಲಿ ಇನ್ನೊಂದು ಕುರ್ಚಿಯಾಗಿ ನೇತಾಡಬೇಕಲ್ಲ ಎಂಬ ಚಿಂತೆ, ಊರಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿದೆ ಎಂಬ ಚಿಂತೆಗಿಂತ ಹೆಚ್ಚಾಗಿ ಅವರನ್ನು ಕಾಡುತ್ತಿತ್ತು.

ಹೊಸ ಟ್ಯಾಂಕು ಕಟ್ಟಿದ ಗುತ್ತಿಗೆದಾರ ಮನಸ್ಸನ್ನು ಓದುವುದರಲ್ಲಿ ನಿಪುಣ. ಸಾಹೇಬರಿಗೆ ಒಂದು ಕುದುರೆಯನ್ನೇ ತಂದುಕೊಟ್ಟ. ಟ್ಯಾಂಕು ಸೋರುತ್ತಿತ್ತು, ಆದರೆ ಕುದುರೆ ಚೆನ್ನಾಗಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ನಾಲ್ಕು ವರ್ಷದ ಹೆಣ್ಣು ಕುದುರೆ. ಕೊರತೆ ಒಂದೇ. ಹುಟ್ಟಿದಾಗಿನಿಂದ ಅದರ ಬೆನ್ನ ಮೇಲೆ ನೊಣಗಳನ್ನು ಬಿಟ್ಟರೆ ಬೇರೆ ಯಾರೂ ಕೂತಿರಲಿಲ್ಲ.

ಸಾಹೇಬರು ಸಿಬ್ಬಂದಿಯ ಸಭೆ ಕರೆದರು.

"ಟ್ಯಾಂಕ್ ಉದ್ಘಾಟನೆಗೆ ಇನ್ನು ಮೂರೇ ವಾರ. ಕಚೇರಿಯಿಂದ ಟ್ಯಾಂಕಿನವರೆಗೆ ನಾನು ಕುದುರೆ ಮೇಲೆ ಬರ್ತೀನಿ. ಫೋಟೊಗ್ರಾಫರಿಗೆ ಹೇಳಿಯಾಗಿದೆ. ಅಷ್ಟರೊಳಗೆ ಅದು ಜೀನು, ಕಡಿವಾಣ ಎಲ್ಲಾ ಹಾಕಿಸ್ಕೊಂಡು ಸುಮ್ಮನೆ ನಿಲ್ಲೋದು ಕಲೀಬೇಕು. ನಿಮ್ಮಲ್ಲಿ ಯಾರಿಗಾದ್ರೂ ಕುದುರೆ ವಿಷಯ ಗೊತ್ತಿದೆಯೇನ್ರೀ?"

ಇಡೀ ಸಭೆಗೆ ಆ ಕ್ಷಣದಲ್ಲಿ ತಮ್ಮ ತಮ್ಮ ಚಪ್ಪಲಿಗಳ ಮೇಲೆ ವಿಶೇಷ ಆಸಕ್ತಿ ಹುಟ್ಟಿತು. ಎಲ್ಲರೂ ತಲೆ ತಗ್ಗಿಸಿದರು. ತಗ್ಗಿಸದೆ ಉಳಿದ ತಲೆ ಒಂದೇ. ಅದು ನಮ್ಮ ಪ್ರಭಾರಿಯದು.

ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಒಂಬತ್ತು ವರ್ಷದ ಹಿಂದೆ ಹೆಡ್ ಕ್ಲರ್ಕ್ ತೀರಿಕೊಂಡಾಗ, ಬೇರೆಯವರು ಬರುವ ತನಕ ಕೆಲಸ ನೋಡಿಕೊಳ್ಳಲಿ ಎಂದು ಇವನಿಗೆ ಹುದ್ದೆಯ ಪ್ರಭಾರ ವಹಿಸಿದ್ದರು. ಬೇರೆಯವರು ಬರಲಿಲ್ಲ, ಇವನು ಖಾಯಂ ಆಗಲಿಲ್ಲ. ಕೆಲಸ ಹೆಡ್ ಕ್ಲರ್ಕಿನದು, ಕುರ್ಚಿ ಹಳೆಯದೇ, ಮುಂದಿನ ಎಡಗಾಲು ಮುರಿದದ್ದು. ಕಚೇರಿಯವರು ಅವನನ್ನು ಪ್ರಭಾರಿ ಎಂದು ಕರೆಯಹತ್ತಿದರು, ಆಮೇಲೆ ಬೀದಿಯವರು, ಕೊನೆಗೆ ಸ್ವಂತ ಅತ್ತೆಯೂ ಬೇರೆಯವರ ಮುಂದೆ "ನಮ್ಮ ಪ್ರಭಾರಿ ಅಳಿಯ" ಎನ್ನತೊಡಗಿದ್ದರು. ಅಳಿಯನ ಹುದ್ದೆಗೂ ಬೇರೆಯವರು ಬರುವ ಸಾಧ್ಯತೆ ಇದೆಯೇನೋ ಎಂಬಂತೆ ಆ ಮಾತು ಕೇಳಿಸುತ್ತಿತ್ತು. ಒಂಬತ್ತು ವರ್ಷದಿಂದ ಅವನಿಗಿದ್ದ ಆಸೆ ಒಂದೇ, ಸಾಹೇಬರು ಆ ಫೈಲಿಗೊಂದು ಸಹಿ ಹಾಕಬೇಕು, ತಾನು ಖಾಯಂ ಆಗಬೇಕು.

ಹಾಗಾಗಿ, ಸಾಹೇಬರ ಕಣ್ಣಿಗೆ ಒಮ್ಮೆಯಾದರೂ ಬೀಳೋಣವೆಂದು ಎದ್ದು ನಿಂತ.

"ಕುದುರೆ ವಿಷಯ ನಮ್ಮ ವಂಶದಲ್ಲೇ ಬಂದಿದೆ ಸಾರ್."

ಇದು ಪೂರ್ತಿ ಸುಳ್ಳಲ್ಲ. ಅವನ ವಂಶದಲ್ಲಿ ಕುದುರೆಯ ಸಂಪರ್ಕಕ್ಕೆ ಬಂದವರೊಬ್ಬರಿದ್ದರು, ಅವನ ತಾತ. ಆ ಸಂಪರ್ಕ ಒಂದು ಕ್ಷಣ ಮಾತ್ರ ಇತ್ತು. ಅಷ್ಟರಲ್ಲೇ ತಾತನ ಮುಂದಿನ ಎರಡು ಹಲ್ಲು ಹೋದವು.

"ಭಲೇ!" ಎಂದರು ಸಾಹೇಬರು. "ನೋಡ್ರೀ, ನಮ್ಮಲ್ಲೇ ಇಂಥವರಿದ್ದಾರೆ. ಪ್ರಭಾರಿ, ಕುದುರೆ ಇವತ್ತಿಂದ ನಿಮ್ಮದು. ಉದ್ಘಾಟನೆ ಸಾಂಗವಾಗಿ ಆಗ್ಲಿ, ಮಾರನೇ ದಿನ ನಿಮ್ಮ ಫೈಲ್ ನನ್ನ ಟೇಬಲ್ ಮೇಲಿರ್ಲಿ."

"ಏನಾದ್ರೂ ಆಗದಿದ್ರೆ ಸಾರ್?"

"ಆಗದಿದ್ರೆ ಹೆಡ್ ಕ್ಲರ್ಕ್ ಹುದ್ದೆಗೆ ಬೇರೆಯವರನ್ನ ಕರೆಸೋದೇ" ಎಂದು ಸಾಹೇಬರು ಅತ್ಯಂತ ಪ್ರಸನ್ನವಾಗಿ ನಕ್ಕರು.

ಕುದುರೆಯನ್ನು ಕಟ್ಟಿದ್ದು ಕಚೇರಿಯ ಹಿಂದಿನ ಹಳೆಯ ಪಂಪ್ ಶೆಡ್ಡಿನಲ್ಲಿ. ಗುತ್ತಿಗೆದಾರ ಜೊತೆಗೆ ಕೊಟ್ಟಿದ್ದ ಜೀನು, ಕಡಿವಾಣಗಳನ್ನು ಹೊತ್ತುಕೊಂಡು ಪ್ರಭಾರಿ ಮಧ್ಯಾಹ್ನವೇ ಅಲ್ಲಿಗೆ ಹೋದ. ಸಾಹೇಬರ ಮೇಜಿನ ಮೇಲೆ ಫೈಲು ಇಡುವಂತೆ, ಹಿಂದಿನಿಂದ ಸದ್ದಿಲ್ಲದೆ ಬಂದು, ಕುದುರೆಯ ಬೆನ್ನ ಮೇಲೆ ಜೀನನ್ನು ತಟ್ಟನೆ ಇಟ್ಟುಬಿಟ್ಟ. ಮುಂದಿನದನ್ನು ಕಚೇರಿಯ ಜವಾನ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡ. ಜೀನು ಸೂರಿಗೆ ಬಡಿದು ನೀರಿನ ತೊಟ್ಟಿಗೆ ಬಿತ್ತು. ಪ್ರಭಾರಿ ನೇರವಾಗಿ ತೊಟ್ಟಿಗೆ ಬಿದ್ದ. ಕುದುರೆ ಏನೂ ಆಗಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕಿತು.

"ವಂಶದಲ್ಲೇ ಬಂದಿದೆ ಅಂದ್ರಲ್ಲ ಸಾರ್?" ಎಂದ ಜವಾನ ವಿನಯದಿಂದ.

"ಇದು ಮೊದಲನೇ ಹಂತ ಕಣಯ್ಯಾ" ಎಂದ ಪ್ರಭಾರಿ, ತೊಟ್ಟಿಯೊಳಗಿಂದಲೇ.

ಎರಡನೆಯ ಹಂತ ಯಾವುದೆಂದು ತಿಳಿಯದೆ ಅವನು ಸಂಜೆ ರೈಲ್ವೆ ಗೇಟಿನ ಹತ್ತಿರದ ಗಾಡಿ ಅಜ್ಜನ ಮನೆಗೆ ಹೋದ. ಅಜ್ಜ ನಲವತ್ತು ವರ್ಷ ಕುದುರೆಗಾಡಿ ಹೊಡೆದು, ಈಗ ಜಗಲಿಯ ಮೇಲೆ ಕೂತು ಹೋಗಿಬರುವ ಆಟೊಗಳನ್ನು ಬಯ್ಯುತ್ತಾ ಕಾಲ ಕಳೆಯುತ್ತಿದ್ದ. ಪ್ರಭಾರಿಯ ಕಥೆ ಕೇಳಿ ಅಜ್ಜ ನಗಲಿಲ್ಲ, ಉಗಿದ.

"ನಿನಗೆ ಯಾರಾದ್ರೂ ಹಿಂದಿಂದ ಬಂದು ಒಂದು ಮೂಟೆ ಎತ್ತಿ ಹಾಕಿದ್ರೆ ಸುಮ್ನಿರ್ತೀಯೇನಪ್ಪಾ?"

ಪ್ರಭಾರಿಗೆ ಒಂಬತ್ತು ವರ್ಷದ ಅನುಭವವಿತ್ತು. ಸುಮ್ಮನಿರುತ್ತೇನೆ ಎಂದು ಹೇಳಹೊರಟವನು ನಾಲಿಗೆ ಕಚ್ಚಿಕೊಂಡ.

"ಎಡಗಡೆಯಿಂದ ಹೋಗು, ಅದರ ಕಣ್ಣಿಗೆ ಕಾಣೋ ಹಾಗೆ. ಮೊದಲು ಬರೀ ಕಂಬಳಿ ತೋರ್ಸು, ಮೂಸಿ ನೋಡ್ಲಿ. ಭುಜಕ್ಕೆ ಸವರು, ಬೆನ್ನಿಗೆ ಹಾಕು, ತೆಗಿ. ಅದು ಬೇಡ ಅನ್ನೋ ಮೊದಲೇ ತೆಗಿ. ಜೀನು ಹಾಕೋವಾಗ ಹೊಟ್ಟೆ ಪಟ್ಟಿ ಒಂದೇ ಸಲಕ್ಕೆ ಬಿಗೀಬೇಡ. ಒಂದು ತೂತು ಬಿಗಿ, ನಾಲ್ಕು ಹೆಜ್ಜೆ ನಡೆಸು, ಆಮೇಲೆ ಇನ್ನೊಂದು. ಕಡಿವಾಣದ ಕಬ್ಬಿಣ ತಣ್ಣಗಿರುತ್ತೆ, ಅಂಗೈಲಿ ಹಿಡಿದು ಬೆಚ್ಚಗೆ ಮಾಡು. ಬಾಯಿ ಮೂಲೇಲಿ ಹಲ್ಲಿಲ್ಲದ ಜಾಗ ಇರುತ್ತೆ, ಅಲ್ಲಿ ಹೆಬ್ಬೆರಳು ಇಟ್ರೆ ತಾನಾಗೇ ಬಾಯಿ ಬಿಡುತ್ತೆ. ಮಾಡೋವಷ್ಟು ಹೊತ್ತೂ ಮಾತಾಡ್ತಾ ಇರು, ಒಂದೇ ಸಮ. ದನಿ ಏರ್ಸಿದ್ರೆ ಬೆಚ್ಚುತ್ತೆ. ಎಲ್ಲಕ್ಕಿಂತ ದೊಡ್ಡದು ಏನು ಗೊತ್ತಾ? ಜೀನು ಎತ್ತಿದಾಗೆಲ್ಲ ಇದು ನನ್ನ ಬೆನ್ನಿಗೇ ಬೀಳ್ತಿದೆ ಅಂದ್ಕೊ. ಕಡಿವಾಣ ಹಿಡಿದಾಗ ನನ್ನ ಬಾಯಿಗೇ ಬರ್ತಿದೆ ಅಂದ್ಕೊ. ಅಷ್ಟು ಗೊತ್ತಾದ್ರೆ ಸಾಕು."

ಪ್ರಭಾರಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಎರಡು ಪುಟದ ಅರ್ಜಿಯನ್ನು ಅಂಚಿನಲ್ಲಿ ಒಂದು ಸಾಲಿಗೆ ಇಳಿಸಿ ಸಾಹೇಬರ ಮುಂದಿಡುವುದು ಅವನ ಇಪ್ಪತ್ತು ವರ್ಷದ ಕಸುಬು. ಕೈ ತನ್ನ ಅಭ್ಯಾಸದಂತೆ ಓಡಿತು. ಅಜ್ಜನ ಕೊನೆಯ ಮಾತನ್ನು ಅವನು ಹೀಗೆ ಸಂಗ್ರಹಿಸಿದ: "ಜೀನು, ಮೊದಲು ಸ್ವಂತ ಬೆನ್ನಿಗೆ. ಕಡಿವಾಣ, ಮೊದಲು ಸ್ವಂತ ಬಾಯಿಗೆ." ಅಂದುಕೊಳ್ಳುವುದು ಗಿಂದುಕೊಳ್ಳುವುದು ಅನವಶ್ಯಕ ವಿವರವೆಂದು ಬಿಟ್ಟುಬಿಟ್ಟ. ಒಮ್ಮೆ ಬರವಣಿಗೆಗೆ ಇಳಿದದ್ದನ್ನು ಪ್ರಶ್ನಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವನ ಹೆಂಡತಿ ಅಡುಗೆಮನೆಯಿಂದ ಹೊರಬಂದಾಗ ಗಂಡ ನಡುಮನೆಯಲ್ಲಿ ಅಂಗೈ, ಮಂಡಿ ಊರಿ ನಿಂತಿದ್ದ. ಬೆನ್ನ ಮೇಲೆ ಜೀನಿತ್ತು.

"ಏನ್ರೀ ಇದು?"

"ಆಫೀಸ್ ಕೆಲಸ. ಸ್ವಲ್ಪ ಬಾ ಇಲ್ಲಿ. ಈ ಪಟ್ಟಿ ಹೊಟ್ಟೆ ಕೆಳಗಿಂದ ತಗೊಂಡು ಬಿಗಿ. ಒಂದೇ ಸಲಕ್ಕೆ ಬೇಡ, ಒಂದು ತೂತು ಹಾಕು, ನಾನು ನಾಲ್ಕು ಹೆಜ್ಜೆ ನಡೀತೀನಿ, ಆಮೇಲೆ ಇನ್ನೊಂದು."

ಮದುವೆಯಾಗಿ ಹದಿನೇಳು ವರ್ಷವಾದ ಹೆಂಗಸು ಇಂಥ ಹೊತ್ತಿನಲ್ಲಿ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅವಳು ಕೈ ಒರೆಸಿಕೊಂಡು ಬಂದು ಬಿಗಿದಳು. ಅವನು ಸೋಫಾದವರೆಗೆ ನಡೆದ. ಇನ್ನೊಂದು ತೂತು ಬಿಗಿದಳು. ಅವನು ಟಿ.ವಿ.ಯವರೆಗೆ ನಡೆದ.

"ನೋವಾಗ್ತಿದೆಯೇನ್ರೀ?"

"ಪಟ್ಟಿ ಪರವಾಗಿಲ್ಲ. ಬಲಭುಜದ ಹತ್ರ ಏನೋ ಚುಚ್ತಿದೆ. ಒಂಚೂರು ಮೇಲೆ ಕೂತು ನೋಡು, ಭಾರ ಬಿದ್ರೆ ಗೊತ್ತಾಗುತ್ತೆ."

ಅವಳು ಜೀನಿನ ಮೇಲೆ ಕೂತಳು. ಸರಿಯಾಗಿ ಅದೇ ಗಳಿಗೆಗೆ ಅವಳ ತಾಯಿ ಕೈಚೀಲ ಹಿಡಿದುಕೊಂಡು ಬಾಗಿಲಲ್ಲಿ ಪ್ರತ್ಯಕ್ಷರಾದರು. ಅವರ ಹಿಂದೆ, ಹೊಲಿಯಲು ಕೊಟ್ಟಿದ್ದ ರವಿಕೆ ಕೊಡಲೆಂದು ಎದುರುಮನೆಯ ಟೈಲರ್ ನಿಂತಿದ್ದ.

ಅತ್ತೆಯವರ ಕೈಚೀಲ ಕೆಳಗೆ ಬಿತ್ತು.

"ಇಳಿಯೇ! ಇಳಿಯೇ ಕೆಳಗೆ! ನಾನು ನಿನ್ನನ್ನ ಹೀಗಾ ಬೆಳೆಸಿದ್ದು?"

"ಅಮ್ಮಾ, ಇವರೇ ಕೂತ್ಕೋ ಅಂದಿದ್ದು!"

"ಅವರು ಅಂದ್ರೆ ಕೂತ್ಬಿಡೋದೇ? ಬಾಗಿಲಾದ್ರೂ ಹಾಕ್ಕೋಬಾರದೇನೇ?"

ಪ್ರಭಾರಿ ತಲೆಯೆತ್ತಿ, "ಬನ್ನಿ ಅತ್ತೆ, ಕೂತ್ಕೊಳ್ಳಿ" ಎಂದ. ಉಪಚಾರದ ಮಾತು, ತಪ್ಪೇನೂ ಇರಲಿಲ್ಲ. ಆದರೆ ಅವನಿದ್ದ ಭಂಗಿಯಲ್ಲಿ ಅದನ್ನು ಕೇಳಿ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ಟೈಲರ್ ಮಾತ್ರ ಧೃತಿಗೆಡಲಿಲ್ಲ. ಅಳತೆ ತಪ್ಪಿದ ಹೊಲಿಗೆಯನ್ನು ಕಂಡರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಹತ್ತಿರ ಬಂದು, ಮಂಡಿಯೂರಿ, ಜೀನಿನ ಅಡಿಗೆ ಬೆರಳು ತೂರಿಸಿದ.

"ಇದ್ಯಾರು ಸಾರ್ ಹೊಲಿದಿದ್ದು? ಒಳಗಡೆ ದಾರದ ಗಂಟು ಹಾಗೇ ಬಿಟ್ಟಿದ್ದಾರೆ, ಕಲ್ಲಿನ ಹಾಗಾಗಿದೆ. ಹತ್ತಿಯೆಲ್ಲಾ ಒಂದೇ ಕಡೆ ಸೇರ್ಕೊಂಡಿದೆ. ನಿಮಗೇ ಇಷ್ಟು ಚುಚ್ಚಿದ್ರೆ, ಮೇಲೆ ಭಾರ ಹೊತ್ಕೊಂಡು ನಡೆಯೋರ ಗತಿಯೇನು?"

ಪ್ರಭಾರಿಗೆ ನೆಲದ ಮೇಲಿದ್ದಂತೆಯೇ ಜ್ಞಾನೋದಯವಾಯಿತು. ಕುದುರೆಯದು ಪೊಗರಲ್ಲ, ನೋವು! ಗುತ್ತಿಗೆದಾರ ಟ್ಯಾಂಕಿನಂತೆಯೇ ಜೀನನ್ನೂ ಒದಗಿಸಿದ್ದ. ಟೈಲರ್ ಅದನ್ನು ಅಂಗಡಿಗೆ ಹೊತ್ತೊಯ್ದು, ಗಂಟು ಬಿಚ್ಚಿ, ಹತ್ತಿ ಹರಡಿ, ಮೇಲೆ ಮೆತ್ತನೆಯ ಬಟ್ಟೆ ಹೊಲಿದು ಸಂಜೆಯೊಳಗೆ ತಂದುಕೊಟ್ಟ. ಆ ಸಂಜೆಯೊಳಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಜೀನು ಯಾರದೆಂದೂ ಹೇಳಿದ.

ಸುದ್ದಿಗೆ ಕಾಲು ಬಂತು. ಪ್ರಭಾರಿಯ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಗಂಡನಿಗೆ ಜೀನು ಹಾಕಿ ನಡುಮನೆಯಲ್ಲಿ ಸವಾರಿ ಮಾಡುತ್ತಾಳಂತೆ ಎಂದು ಬೀದಿಯ ಈ ತುದಿಯಲ್ಲಿ ಹೊರಟದ್ದು, ಆ ತುದಿ ಮುಟ್ಟುವಷ್ಟರಲ್ಲಿ ಚಾವಟಿಯೂ ಇದೆಯಂತೆ ಎಂದಾಗಿತ್ತು. ಹಾಲಿನ ಬೂತಿನಲ್ಲಿ ಗಂಡಸರು ಅವನನ್ನು ಕನಿಕರದಿಂದ ನೋಡಿದರು. ಹೆಂಗಸರು ಅವನ ಹೆಂಡತಿಯನ್ನು ಕಂಡು ದಾರಿಬಿಟ್ಟು ನಿಂತರು. ಒಬ್ಬಿಬ್ಬರು ಗುಟ್ಟಾಗಿ ಹತ್ತಿರ ಬಂದು ಆ ಜೀನು ಎಲ್ಲಿ ಸಿಗುತ್ತದೆಂದೂ ವಿಚಾರಿಸಿದರು.

ಜವಾನ ಇದನ್ನು ಸಾಹೇಬರ ಕಿವಿಗೆ ಹಾಕಿದ. ಸಾಹೇಬರು ಪ್ರಭಾರಿಯನ್ನು ಕರೆಸಿ ಗಂಟಲು ಸರಿಮಾಡಿಕೊಂಡರು.

"ನಿಮ್ಮ ಮನೇಲಿ ಏನು ನಡೆಯುತ್ತೋ ಅದು ನನಗೆ ಬೇಡ ಪ್ರಭಾರಿ. ಸಂಸಾರ ಅಂದ್ಮೇಲೆ ಇರೋದೇ. ಆದ್ರೆ ಕಚೇರಿಯ ಜೀನನ್ನ ಮನೆಗೆ ತಗೊಂಡು ಹೋಗೋಕೆ ನಿಮಗೆ ಯಾರು ಪರ್ಮಿಷನ್ ಕೊಟ್ರು?"

"ಸಾರ್, ಕುದುರೆಗೆ ಹಾಕೋಕೆ ಮೊದಲು..."

"ಲಿಖಿತ ಅನುಮತಿ ಇದೆಯೋ ಇಲ್ವೋ?"

ಇರಲಿಲ್ಲ. ಪ್ರಭಾರಿ ಅಲ್ಲೇ ನಿಂತು, ಸರ್ಕಾರಿ ಜೀನನ್ನು ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ಕಾಲ ಸ್ವಂತ ಬೆನ್ನಿಗೆ ಬಳಸಲು ಅನುಮತಿ ಕೋರಿ ಅರ್ಜಿ ಬರೆದ. ಸಾಹೇಬರು "ಹರಿದಲ್ಲಿ ನೌಕರನೇ ಹೊಣೆ" ಎಂದು ಷರಾ ಬರೆದು ಮಂಜೂರು ಮಾಡಿದರು. ಈಗ ಇಡೀ ಕಚೇರಿಗೆ ಖಾತ್ರಿಯಾಯಿತು.

ಅತ್ತೆಯವರು ಅಷ್ಟಕ್ಕೆ ಸುಮ್ಮನಾಗುವವರಲ್ಲ. ಮೂರನೆಯ ದಿನ ಮನೆ ಡಾಕ್ಟರನ್ನು ಕರೆತಂದರು. ಅಂದು ಕಡಿವಾಣದ ಸರದಿ. ಪ್ರಭಾರಿ ಮೊದಲು ತಣ್ಣಗಿದ್ದ ಕಬ್ಬಿಣವನ್ನೇ ಬಾಯಿಗೆ ಇಟ್ಟುಕೊಂಡಿದ್ದ, ಹಲ್ಲಿನ ಬುಡವೆಲ್ಲ ಜುಮ್ಮೆಂದು ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಇಟ್ಟುಕೊಂಡ, ಸಹಿಸಬಹುದು ಅನ್ನಿಸಿತು. ತಲೆಪಟ್ಟಿ ಕಿವಿಯನ್ನು ಮಡಚಿ ಹಿಂಸೆಮಾಡುತ್ತಿತ್ತು, ಅದನ್ನು ಸಡಿಲಿಸುತ್ತಿರುವಾಗ ಡಾಕ್ಟರು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಎಷ್ಟು ದಿನದಿಂದ ಹೀಗಿದೆ?"

ಕಬ್ಬಿಣ ಕಚ್ಚಿಕೊಂಡಿದ್ದ ಪ್ರಭಾರಿ "ಊಂ ಊಂ" ಎಂದ.

"ಮಾತು ನಿಂತಿದೆ" ಎಂದು ಡಾಕ್ಟರು ಬರೆದುಕೊಂಡರು. "ಹುಲ್ಲು ಗಿಲ್ಲು ತಿನ್ಬೇಕು ಅನ್ಸುತ್ತಾ?"

ಪ್ರಭಾರಿ ಇಲ್ಲವೆಂದು ಜೋರಾಗಿ ತಲೆಯಾಡಿಸಿದ. ಲಗಾಮು ಹಾರಿ ಡಾಕ್ಟರ ಕನ್ನಡಕಕ್ಕೆ ಬಡಿಯಿತು.

"ಬೆಳಿಗ್ಗೆ ಸೊಪ್ಪಿನ ಪಲ್ಯ ಎಷ್ಟು ತಿಂದ್ರು ನೋಡ್ಬೇಕಿತ್ತು ನೀವು" ಎಂದು ಅತ್ತೆ ಕಣ್ಣೊರೆಸಿಕೊಂಡರು. "ಹೋಗ್ಲಿ ಡಾಕ್ಟ್ರೇ, ವಾಸಿಯಾಗದಿದ್ರೂ ಪರವಾಗಿಲ್ಲ. ಖಾಯಂ ಆಗೋ ತನಕ ಯಾರಿಗೂ ಗೊತ್ತಾಗದ ಹಾಗೆ ಏನಾದ್ರೂ ಕೊಡಿ."

ಡಾಕ್ಟರು ನಿದ್ದೆಗೆ ಮಾತ್ರೆ ಬರೆದುಕೊಟ್ಟು, ಹೋಗುವಾಗ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರನಡೆದರು.

ಹೀಗೆ ಊರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಪಂಪ್ ಶೆಡ್ಡಿನಲ್ಲಿ ಬೇರೆಯದೇ ನಡೆಯುತ್ತಿತ್ತು. ಪ್ರಭಾರಿ ಈಗ ಎಡಗಡೆಯಿಂದ, ಕುದುರೆಗೆ ಕಾಣುವಂತೆ ಹೋಗುತ್ತಿದ್ದ. ಕಂಬಳಿ ತೋರಿಸುತ್ತಿದ್ದ. ಅದು ಮೂಸುತ್ತಿತ್ತು, ಮುಖ ತಿರುಗಿಸುತ್ತಿತ್ತು, ಮತ್ತೆ ಮೂಸುತ್ತಿತ್ತು. ಯಾವ ಪಟ್ಟಿ ಎಲ್ಲಿ ಉಜ್ಜುತ್ತದೆ, ಯಾವ ಬಕಲು ಎಲ್ಲಿ ಒತ್ತುತ್ತದೆ ಎಂಬುದು ಅವನ ಮೈಗೇ ಗೊತ್ತಿತ್ತು. ಕಷ್ಟವಾದದ್ದು ಒಂದೇ, ಒಂದೇ ಸಮ ಮಾತಾಡುತ್ತಿರುವುದು. ಕುದುರೆಯೊಡನೆ ಏನು ಮಾತಾಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೆಂಡತಿಯೊಡನೆಯೇ ಹೊಳೆಯುತ್ತಿರಲಿಲ್ಲ. ಬಾಯಿಪಾಠವಾಗಿ ಬರುತ್ತಿದ್ದದ್ದು ಕಚೇರಿಯ ಸುತ್ತೋಲೆಗಳು ಮಾತ್ರ, ಅವನ್ನೇ ಶುರುಮಾಡಿದ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲಾ ಶಾಖಾಧಿಕಾರಿಗಳ ಗಮನಕ್ಕೆ ತರುವುದೇನೆಂದರೆ, ನಲ್ಲಿ ಮೀಟರುಗಳನ್ನು ಪ್ರತಿ ಎರಡು ತಿಂಗಳಿಗೊಮ್ಮೆ ತಪ್ಪದೆ ಪರಿಶೀಲಿಸತಕ್ಕದ್ದು..."

ಕುದುರೆಯ ಕಿವಿ ಸಡಿಲವಾಯಿತು. ಕಣ್ಣು ಅರೆಮುಚ್ಚಿತು. ಇದೇ ಸುತ್ತೋಲೆ ಓದಿದಾಗ ಶಾಖಾಧಿಕಾರಿಗಳಿಗೂ ಹೀಗೇ ಆಗುತ್ತಿತ್ತು. ಮೂರನೆಯ ಸುತ್ತೋಲೆಗೆ ಅದು ಕಂಬಳಿ ಹೊದ್ದು ನಿಂತಿತು. ಎರಡನೆಯ ವಾರ, ಪೈಪು ಒಡೆದಾಗ ಅನುಸರಿಸಬೇಕಾದ ಕ್ರಮಗಳ ನಡುವೆ, ಜೀನು ಬೆನ್ನಿಗೇರಿದ್ದೇ ಅದಕ್ಕೆ ತಿಳಿಯಲಿಲ್ಲ. ಕಡಿವಾಣ ಹಾಕಿದ ದಿನ ಪ್ರಭಾರಿ ಕಬ್ಬಿಣವನ್ನು ಅರ್ಧ ಗಂಟೆ ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದಿದ್ದ. ಬಾಯಿಯ ಮೂಲೆಗೆ ಹೆಬ್ಬೆರಳಿಟ್ಟ ಕೂಡಲೇ ಅದು ಬಾಯಿ ಬಿಟ್ಟಿತು, ಬೆಚ್ಚಗಿದ್ದುದನ್ನು ನಾಲಿಗೆಯಿಂದ ಸವರಿ ನೋಡಿತು, ಹಾಗೇ ಇಟ್ಟುಕೊಂಡಿತು. ಆಮೇಲೆ ತಲೆಯನ್ನು ಅವನ ಭುಜದ ಮೇಲಿಟ್ಟು ಉಸಿರುಬಿಟ್ಟಿತು. ಪ್ರಭಾರಿಗೆ ಸುತ್ತೋಲೆಯ ಉಪಕಲಮೊಂದು ತಪ್ಪಿಹೋಯಿತು. ಇಷ್ಟು ವರ್ಷದ ನೌಕರಿಯಲ್ಲಿ ಅವನು ಮಾಡಿದ ಕೆಲಸವನ್ನು ಒಂದು ಜೀವ ಒಪ್ಪಿಕೊಂಡದ್ದು ಅದೇ ಮೊದಲು.

ಉದ್ಘಾಟನೆಯ ಬೆಳಿಗ್ಗೆ ಸಾಹೇಬರು ಹೊಸ ಬೂಟು, ಹೊಸ ಹ್ಯಾಟು ಹಾಕಿಕೊಂಡು, ಸ್ಟೂಲು ಹತ್ತಿ ಕುದುರೆಯೇರಿದರು. ಅದು ಮಿಸುಕಲಿಲ್ಲ. ಫೋಟೊಗ್ರಾಫರ್ ಮೂರು ಫೋಟೊ ತೆಗೆದ. ಸಾಹೇಬರ ಮುಖ ಹನ್ನೊಂದು ಜನರನ್ನೂ ಗೋಡೆಯಿಂದ ಇಳಿಸಿದಷ್ಟು ಅರಳಿತು.

"ಪ್ರಭಾರಿ, ನೀವಿನ್ನು ಹಿಂದೆ ಬನ್ನಿ. ಫೋಟೊದಲ್ಲಿ ಬೀಳ್ತೀರಿ" ಎಂದರು.

ಬ್ಯಾಂಡಿನವರು ಒಮ್ಮೆಲೇ ಡೋಲು ಬಾರಿಸಿದರು. ಕುದುರೆ ಮುಂಗಾಲೆತ್ತಿತು. ಹ್ಯಾಟು ಒಂದು ಕಡೆ ಹೋಯಿತು, ಸಾಹೇಬರು ಕುದುರೆಯ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ತಮ್ಮ ತಾಯಿಯನ್ನು ನೆನೆದರು. ಪ್ರಭಾರಿ ಓಡಿ ಎಡಗಡೆಗೆ ಬಂದು ನಿಂತು, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದ. ಕುದುರೆ ಶಾಂತವಾಯಿತು. ಬ್ಯಾಂಡಿನವರನ್ನು ಮನೆಗೆ ಕಳಿಸಿ, ಪ್ರಭಾರಿಯ ಸುತ್ತೋಲೆಯ ಜೊತೆಗೆ ಮೆರವಣಿಗೆ ಹೊರಟಿತು.

ಕಚೇರಿಯಿಂದ ಟ್ಯಾಂಕಿಗೆ ಒಂದೂವರೆ ಮೈಲಿ. ಮೀಟರು ಮುಗಿಯಿತು, ಪೈಪು ಮುಗಿಯಿತು, ಕ್ಲೋರಿನ್ ಮುಗಿಯಿತು. ಆಸ್ಪತ್ರೆಯ ತಿರುವಿನಲ್ಲಿ ಅವನ ನಾಲಿಗೆ ತನಗೆ ಎಲ್ಲಕ್ಕಿಂತ ಚೆನ್ನಾಗಿ ಪಳಗಿದ್ದ ಸುತ್ತೋಲೆಗೆ ತಾನಾಗಿಯೇ ಜಾರಿತು. ಒಂಬತ್ತು ವರ್ಷ ಪ್ರತಿದಿನ ಓದಿಕೊಂಡದ್ದು ಅದು.

"ಪ್ರಭಾರದಲ್ಲಿರುವ ಯಾವುದೇ ನೌಕರನನ್ನು ಎರಡು ವರ್ಷಗಳಿಗೆ ಮೀರಿ ಸದರಿ ಪ್ರಭಾರದಲ್ಲಿಯೇ ಮುಂದುವರಿಸತಕ್ಕದ್ದಲ್ಲ. ಹಾಗೆ ಮುಂದುವರಿಸಿದಲ್ಲಿ ಸಂಬಂಧಪಟ್ಟ ಅಧಿಕಾರಿಯನ್ನೇ ಹೊಣೆಗಾರರನ್ನಾಗಿ ಮಾಡತಕ್ಕದ್ದು..."

ದಾರಿಯ ಪಕ್ಕದಲ್ಲಿ ಸಿಬ್ಬಂದಿ ಸಾಲಾಗಿ ನಿಂತಿದ್ದರು. ಆ ಕಚೇರಿಯಲ್ಲಿ ಪ್ರಭಾರದಲ್ಲಿದ್ದವನು ಇವನೊಬ್ಬನೇ ಅಲ್ಲ. ಪಂಪ್ ಆಪರೇಟರ್ ಪ್ರಭಾರ, ಉಗ್ರಾಣದವನು ಪ್ರಭಾರ, ಮೀಟರು ಓದುವವರಲ್ಲಿ ಏಳು ಜನ ಪ್ರಭಾರ. ಅವರು ಕಿವಿ ನಿಮಿರಿಸಿದರು. ಮನೆಯಲ್ಲಿ ಜೀನು ಹೊರುತ್ತಾನೆಂದು ತಾವು ನಗುತ್ತಿದ್ದ ಮನುಷ್ಯ, ಹಾಡುಹಗಲು, ಸಾಹೇಬರ ಬೂಟಿನ ಪಕ್ಕದಲ್ಲೇ ನಿಂತು ಹಕ್ಕು ಕೇಳುತ್ತಿದ್ದಾನೆ!

"ಎಂಥ ಗಂಡೆದೆ ಮಾರಾಯ!" ಎಂದ ಪಂಪ್ ಆಪರೇಟರ್, ಮೆರವಣಿಗೆಯ ಹಿಂದೆ ಸೇರಿಕೊಂಡ. ಉಗ್ರಾಣದವನು ಸೇರಿಕೊಂಡ. ಏಳು ಜನ ಮೀಟರಿನವರೂ ಸೇರಿಕೊಂಡರು. ಪ್ರತಿ "ತಕ್ಕದ್ದು" ಬಂದಾಗ ಹಿಂದಿನಿಂದ "ಹೌದು! ಹೌದು!" ಎಂಬ ಕೂಗು ಎದ್ದಿತು.

ಗಂಡೆದೆಯ ಪ್ರಭಾರಿಗೆ ಇದಾವುದೂ ಗೊತ್ತಿಲ್ಲ. ಅವನ ಕಣ್ಣು ಕುದುರೆಯ ಕಿವಿಯ ಮೇಲಿತ್ತು.

ಸಾಹೇಬರು ಮೇಲಿನಿಂದ ಹಲ್ಲು ಕಚ್ಚಿ ಪಿಸುಗುಟ್ಟಿದರು. "ನಿಲ್ಸ್ರೀ ಅದನ್ನ! ಬೇರೆ ಏನಾದ್ರೂ ಓದ್ರೀ!"

ಪ್ರಭಾರಿ ಬೇರೆಯದನ್ನು ನೆನಪಿಸಿಕೊಳ್ಳಲು ನಿಲ್ಲಿಸಿದ. ಕುದುರೆಯೂ ನಿಂತಿತು. ಕಿವಿ ಹಿಂದಕ್ಕೆ ಮಡಚಿತು. ಸಾಹೇಬರ ಕೆಳಗೆ ಏನೋ ಬಿಗಿಯಿತು, ನಡುಗಿತು, ಹಿಂಗಾಲೊಂದು ಮೇಲೆದ್ದಿತು.

"ಓದ್ರೀ!" ಎಂದು ಸಾಹೇಬರು ಇಡೀ ಬೀದಿಗೆ ಕೇಳುವಂತೆ ಕಿರುಚಿದರು. "ಅದನ್ನೇ ಓದ್ರೀ! ಜೋರಾಗಿ ಓದ್ರೀ!"

"ಸಾಹೇಬರಿಗೆ ಜೈ!" ಎಂದಿತು ಮೆರವಣಿಗೆ.

ಟ್ಯಾಂಕಿನ ಬುಡದಲ್ಲಿ ನೀರು ಜಿನುಗುವ ಜಾಗಕ್ಕೆ ಅಡ್ಡವಾಗಿ ಹೂಕುಂಡಗಳನ್ನು ಜೋಡಿಸಿದ್ದರು. ಅವುಗಳ ಪಕ್ಕದಲ್ಲಿ, ರಿಬ್ಬನ್ ಕತ್ತರಿಸಲು ಬಂದ ಮೇಲಧಿಕಾರಿ ಕತ್ತರಿ ಹಿಡಿದು ನಿಂತಿದ್ದರು. ಜಯಕಾರ, ಸುತ್ತೋಲೆ, ಕುದುರೆ ಎಲ್ಲವೂ ಒಟ್ಟಿಗೆ ಅವರ ಮುಂದೆ ಬಂದು ನಿಂತವು.

"ಏನ್ರೀ ಇದು? ಇಲ್ಲಿ ಪ್ರಭಾರದಲ್ಲಿ ಎಷ್ಟು ಜನ ಇದ್ದಾರೆ?"

ಸಾಹೇಬರು ಜೀನನ್ನು ಗಟ್ಟಿಯಾಗಿ ಹಿಡಿದುಕೊಂಡೇ, "ಇವರೊಬ್ಬರೇ ಸಾರ್" ಎಂದರು.

"ನಾಳೆ ಸಂಜೆಯೊಳಗೆ ಖಾಯಂ ಮಾಡಿ ನನಗೆ ಆದೇಶದ ಪ್ರತಿ ಕಳ್ಸಿ."

ಮಾರನೆಯ ದಿನ ಕಚೇರಿಯಲ್ಲಿ ಯಾರೂ ಅವನನ್ನು ನೋಡಿ ನಗಲಿಲ್ಲ. ಜವಾನ ಎದ್ದು ನಿಂತ. ಪಂಪ್ ಆಪರೇಟರ್ ಕೈ ಹಿಡಿದು, "ಅಣ್ಣಾ, ನೀವು ಮುಂದೆ ನಿಂತ್ರೆ ನಮ್ಮದೂ ಆಗುತ್ತೆ. ಕೈ ಬಿಡ್ಬೇಡಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಪ್ರಭಾರಿ "ನೋಡೋಣ, ನೋಡೋಣ" ಎಂದ. ಏನು ನೋಡುವುದೆಂದು ಅವನಿಗೆ ತಿಳಿದಿರಲಿಲ್ಲ, ಆದರೂ ಎದೆ ಎರಡಂಗುಲ ಉಬ್ಬಿತು.

ಹನ್ನೊಂದು ಗಂಟೆಗೆ ಸಾಹೇಬರ ಕರೆ ಬಂತು. ಬೈಗುಳಕ್ಕೆ ಸಿದ್ಧನಾಗಿಯೇ ಒಳಗೆ ಹೋದ. ಸಾಹೇಬರು ಎದ್ದು ಬಂದು ಭುಜ ನೇವರಿಸಿ ತಮ್ಮ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಟೀ ತರಿಸಿದರು. ಫ್ಯಾನು ಜಾಸ್ತಿಯಾಯಿತೇ ಎಂದು ಕೇಳಿದರು. ದನಿ ಒಂದಿಷ್ಟೂ ಏರಲಿಲ್ಲ.

"ಕುದುರೆಯನ್ನ ಹೇಗೆ ಪಳಗಿಸಿದ್ರಿ ಅಂತ ನಿನ್ನೆ ನಮ್ಮ ಜವಾನನನ್ನ ಕೇಳಿ ತಿಳ್ಕೊಂಡೆ. ತುಂಬಾ ಕಲಿತೆ ನಿಮ್ಮಿಂದ" ಎನ್ನುತ್ತಾ ಒಂದು ಕಾಗದ ಮುಂದಿಟ್ಟರು. ಖಾಯಮಾತಿಯ ಆದೇಶ! ಓದಿ ನೋಡಲು ಬಿಟ್ಟರು. ಪ್ರಭಾರಿ ಸ್ವೀಕರಿಸಿದ್ದಕ್ಕೆ ಸಹಿ ಹಾಕಿದ. ಸ್ವಲ್ಪ ಹೊತ್ತು ಮಕ್ಕಳ ಓದಿನ ಮಾತಾಯಿತು. ಆಮೇಲೆ ಇನ್ನೊಂದು ಕಾಗದ: ನಿನ್ನೆ ಓದಿದ್ದು ಕುದುರೆಗಾಗಿಯೇ ಹೊರತು ಯಾವ ಬೇಡಿಕೆಗಾಗಿಯೂ ಅಲ್ಲ. ನಿಜವೇ ತಾನೆ, ಸಹಿ ಹಾಕಿದ. ಒಂದು ಬಿಸ್ಕತ್ತು ತಿಂದ. ಆಮೇಲೆ ಒಂದೊಂದಾಗಿ ಉಳಿದ ಕಾಗದಗಳು: ಪ್ರಭಾರದಲ್ಲಿರುವ ಉಳಿದ ನೌಕರರ ವಿಚಾರಕ್ಕೂ ತನಗೂ ಸಂಬಂಧವಿಲ್ಲ. ಆ ಸುತ್ತೋಲೆಯನ್ನು ಇನ್ನು ಮುಂದೆ ಮನುಷ್ಯರಿಗೆ ಕೇಳುವಂತೆ ಓದುವುದಿಲ್ಲ. ಪ್ರತಿದಿನ ಬೆಳಿಗ್ಗೆ ಐದು ಗಂಟೆಗೆ ಕುದುರೆಯನ್ನು ಸಜ್ಜು ಮಾಡಿ, ಸಾಹೇಬರ ಸವಾರಿಯ ಪಕ್ಕದಲ್ಲಿ ನಡೆಯುವುದು. ಭಾನುವಾರವೂ ಸೇರಿದಂತೆ ಎಂದು ಕೊನೆಗೆ ಮತ್ತೊಂದು. ಪ್ರತಿ ಕಾಗದದ ನಡುವೆ ಸಾಹೇಬರು ಒಂದಿಷ್ಟು ಹೊತ್ತು ಬಿಡುತ್ತಿದ್ದರು, ಏನಾದರೂ ಒಳ್ಳೆಯ ಮಾತಾಡುತ್ತಿದ್ದರು.

ಹೊರಗೆ ಬಂದಾಗ ಪಂಪ್ ಆಪರೇಟರ್ ಕಾದು ನಿಂತಿದ್ದ. "ಏನಂದ್ರಣ್ಣಾ?"

ಪ್ರಭಾರಿ, ಅಂದರೆ ಈಗಿನ ಖಾಯಂ ಹೆಡ್ ಕ್ಲರ್ಕ್, ಅತ್ತಿತ್ತ ನೋಡಿ, "ಆ ವಿಷಯ ನಾನು ಮಾತಾಡೋ ಹಾಗಿಲ್ಲಪ್ಪಾ" ಎಂದು ಹೇಳಿ ಸರಸರನೆ ಮನೆಗೆ ನಡೆದ.

ಅತ್ತೆ ಆದೇಶವನ್ನು ಕಣ್ಣಿಗೊತ್ತಿಕೊಂಡು, "ನನಗೆ ಮೊದಲೇ ಗೊತ್ತಿತ್ತು ಅಳಿಯಂದಿರೇ" ಎಂದರು. ಟೈಲರ್ ಬಂದು ಹೊಸ ಕೋಟಿಗೆ ಅಳತೆ ತೆಗೆದುಕೊಂಡ. ಎಲ್ಲರೂ ಹೋದ ಮೇಲೆ ಅವನು ಹೆಂಡತಿಗೆ ಸಾಹೇಬರ ಒಳ್ಳೆಯತನವನ್ನು ವರ್ಣಿಸಿದ.

"ಎಷ್ಟು ಮೃದುವಾಗಿ ಮಾತಾಡಿಸಿದ್ರು ಗೊತ್ತಾ! ಕುರ್ಚಿ ಕೊಟ್ರು, ಟೀ ಕೊಟ್ರು. ಒಂದೊಂದೇ ಕಾಗದ, ಒಂಚೂರೂ ಅವಸರ ಇಲ್ಲ."

ಹೆಂಡತಿ ಅವನನ್ನೇ ನೋಡುತ್ತಾ ಕೂತಿದ್ದಳು.

"ಒಟ್ಟು ಎಷ್ಟು ಸಹಿ ಹಾಕಿಸ್ಕೊಂಡ್ರು?"

"ಆರು."

ಅವಳು ಮೆಲ್ಲಗೆ ಕೇಳಿದಳು.

"ನೋವಾಯ್ತೇನ್ರೀ?"

"ಛೆ ಛೆ, ಇಲ್ಲ ಕಣೇ" ಎಂದ ಅವನು ಹೆಮ್ಮೆಯಿಂದ. "ಹಾಕಿದ್ದೇ ಗೊತ್ತಾಗ್ಲಿಲ್ಲ."